ಕೆರೆಯ ಏರಿ, ಊರಿನ ಸಭೆ

ಬಯಲುಸೀಮೆಯ ಯಾವುದೇ ಹಳೆಯ ಊರಿಗೆ ಹೋದರೂ ಎರಡು ಕಟ್ಟೆಗಳು ಕಣ್ಣಿಗೆ ಬೀಳುತ್ತವೆ. ಒಂದು ಊರ ಮುಂದಿನ ಅರಳಿಕಟ್ಟೆ, ಇನ್ನೊಂದು ಊರಾಚೆಯ ಕೆರೆಕಟ್ಟೆ. ಮೊದಲನೆಯದರ ಮೇಲೆ ಕೂತು ಹಿರಿಯರು ಎರಡನೆಯದರ ಯೋಗಕ್ಷೇಮ ನೋಡುತ್ತಿದ್ದರು. ಈ ವರ್ಷ ಹೂಳು ತೆಗೆಯಬೇಕೆ, ತೂಬು ಯಾವ ದಿನ ಎತ್ತಬೇಕು, ನೀರು ಕಡಿಮೆಯಾದರೆ ಯಾರ ಗದ್ದೆಗೆ ಮೊದಲು ಎಂಬ ಪ್ರಶ್ನೆಗಳು ತೀರ್ಮಾನವಾಗುತ್ತಿದ್ದುದು ಅಲ್ಲಿಯೇ. ಇಂದು ನಾವು 'ಗ್ರಾಮಸಭೆ' ಎಂದು ಕರೆಯುವ ಸಂಸ್ಥೆಯ ಬೇರುಗಳನ್ನು ಹುಡುಕುವವರು ಕಾನೂನಿನ ಪುಸ್ತಕಗಳಿಗಿಂತ ಮೊದಲು ಕೆರೆಯ ಏರಿಯನ್ನು ನೋಡಬೇಕು.

ಕರ್ನಾಟಕದ ಶಾಸನಗಳಲ್ಲಿ ಕೆರೆಯ ಮಾತು ಹೇರಳವಾಗಿದೆ. ಕೆರೆಯ ನಿರ್ವಹಣೆಗಾಗಿ ಬಿಟ್ಟ ಭೂಮಿಗೆ 'ಬಿತ್ತುವಟ್ಟ'ವೆಂದೂ, ಕೆರೆ ಕಟ್ಟಿಸಿದವನಿಗೆ ಕೊಟ್ಟ ಭೂಮಿಗೆ 'ಕಟ್ಟುಕೊಡಗೆ'ಯೆಂದೂ ಹೆಸರು. ಗಾವುಂಡರು, ಅಗ್ರಹಾರಗಳ ಮಹಾಜನರು ಇಂಥ ದಾನಗಳಿಗೆ ಸಾಕ್ಷಿಗಳಾಗಿಯೂ ಪಾಲಕರಾಗಿಯೂ ನಿಂತಿದ್ದಾರೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೆರೆ ಕಟ್ಟುವುದು ಪುಣ್ಯದ ಕೆಲಸವಾದರೂ ಅದನ್ನು ಉಳಿಸಿಕೊಳ್ಳುವುದು ಪುಣ್ಯದಿಂದ ಆಗುವ ಕೆಲಸವಲ್ಲ, ಅದಕ್ಕೆ ಖಚಿತವಾದ ವರಮಾನ ಬೇಕು ಎಂಬುದು ಅಂದಿನವರಿಗೆ ಗೊತ್ತಿತ್ತು. ಆ ವರಮಾನವನ್ನು ಕೆರೆಯ ನೀರುಣ್ಣುವ ಭೂಮಿಯಿಂದಲೇ ಎತ್ತುವಂತೆ ಅವರು ಏರ್ಪಾಡು ಮಾಡಿದ್ದರು.

ಈ ಏರ್ಪಾಟಿನ ಫಲ ಎಷ್ಟು ವ್ಯಾಪಕವಾಗಿತ್ತೆಂದರೆ, 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಸಂಸ್ಥಾನದ ಸುಮಾರು ಶೇಕಡಾ 60ರಷ್ಟು ಪ್ರದೇಶ ಕೆರೆಗಳ ಜಾಲಕ್ಕೆ ಸೇರಿದೆಯೆಂದೂ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದೂ ಬರೆದಿದ್ದಾನೆ. ಇಂದಿಗೂ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಸರ್ಕಾರಿ ಲೆಕ್ಕ ಹೇಳುತ್ತದೆ.

ಹಾಗೆಂದು ಹಳೆಯ ಊರಿನ ಸಭೆಯನ್ನು ರಾಮರಾಜ್ಯವೆಂದು ಬಗೆಯುವುದು ತಪ್ಪಾದೀತು. ನಮ್ಮ ಜನಪದರೇ ಇದಕ್ಕೆ ಸಾಕ್ಷಿ ಹೇಳಿದ್ದಾರೆ. 'ಕೆರೆಗೆ ಹಾರ' ಕಥನಗೀತೆಯನ್ನು ಕೇಳದ ಕನ್ನಡಿಗರು ವಿರಳ. ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಹಾರವಾಗಿ ಕೊಡಬೇಕೆಂದು ಬಂತು. ಹಿರಿಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು ಎಂಬ ಯೋಚನೆಯಿಂದ ಕಿರಿಸೊಸೆ ಭಾಗೀರಥಿಯ ಪಾಲಿಗೆ ಆ ಸರದಿ ಬಂತು. ತೀರ್ಮಾನ ಮಾಡಿದವರು ಹಿರಿಯರು, ಅದರ ಬೆಲೆ ತೆತ್ತವಳು ಮಾತಿಗೆ ಅವಕಾಶವೇ ಇಲ್ಲದ ಹೆಣ್ಣುಮಗಳು. ಊರಿನ ಹಿತಕ್ಕೆಂದು ಕೈಗೊಂಡ ನಿರ್ಧಾರದಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಮೇಲೆ ಭಾರ ಬೀಳುತ್ತದೆ ಎಂಬ ಪ್ರಶ್ನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸಮಿತಿಯ ವರದಿಯೂ ಎತ್ತಿಲ್ಲ.

ತೂಬು ಎತ್ತಿ ನೀರು ಹಂಚುತ್ತಿದ್ದ ನೀರಗಂಟಿಯ ಸ್ಥಿತಿಯೂ ಇಂಥದೇ. ಅಚ್ಚುಕಟ್ಟಿನ ಪ್ರತಿಯೊಂದು ಗದ್ದೆಯ ದಾಹ ಅವನಿಗೆ ಗೊತ್ತು. ಸುಗ್ಗಿಯಲ್ಲಿ ಆಯವೆಂದು ಕೊಟ್ಟ ಕಾಳು ಅವನ ಸಂಬಳ. ಹಲವು ಕಡೆ ಈ ಕೆಲಸ ದಲಿತ ಕುಟುಂಬಗಳದಾಗಿತ್ತು. ಕೆರೆಯ ಬಗ್ಗೆ ಊರಿಗೆಲ್ಲ ಹೆಚ್ಚು ತಿಳಿದವನು ಅವನಾದರೂ ಅರಳಿಕಟ್ಟೆಯ ಮೇಲೆ ಅವನಿಗೆ ಜಾಗವಿರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಹಳ್ಳಿಯನ್ನು ಅಜ್ಞಾನ ಹಾಗೂ ಸಂಕುಚಿತ ಬುದ್ಧಿಯ ನೆಲೆಯೆಂದು ಕಟುವಾಗಿ ಟೀಕಿಸಿದ್ದರ ಹಿಂದೆ ಇಂಥ ಅನುಭವವಿತ್ತು. ಗಾಂಧೀವಾದಿಗಳ ಒತ್ತಾಯದಿಂದ ಪಂಚಾಯಿತಿಗಳು ಸಂವಿಧಾನದ 40ನೆಯ ವಿಧಿಯಲ್ಲಿ ಸ್ಥಾನ ಪಡೆದವಾದರೂ, ಅದು ನಿರ್ದೇಶಕ ತತ್ತ್ವಗಳ ಸಾಲಿನಲ್ಲಿ ಉಳಿಯಿತೇ ಹೊರತು ಕಡ್ಡಾಯವಾಗಲಿಲ್ಲ.

ಊರಿನ ಸಭೆಗೆ ಕಾನೂನಿನ ಅಂಗಿ ತೊಡಿಸುವ ಪ್ರಯತ್ನ ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಹಿಂದೆಯೇ ನಡೆದಿತ್ತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನಕ್ಕೆ 144 ಮಂದಿ ಬಂದಿದ್ದರು. ರೈತರ ಹಾಗೂ ವರ್ತಕರ ಪ್ರತಿನಿಧಿಗಳು ಸರ್ಕಾರದ ಎದುರು ಅಹವಾಲು ಹೇಳಿಕೊಳ್ಳಲು ಅದು ವೇದಿಕೆಯಾಯಿತು. 1911ರಲ್ಲಿ ಕೆರೆ ಪಂಚಾಯಿತಿಗಳಿಗೆ ಸಂಬಂಧಿಸಿದ ಶಾಸನ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪಿಸಿದ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ, ಊರಿನವರು ವಾರದಲ್ಲಿ ಅರ್ಧ ದಿನ ಸಾರ್ವಜನಿಕ ಕೆಲಸಕ್ಕೆ ದುಡಿಯಬೇಕೆಂಬ ಕಲ್ಪನೆಯಿತ್ತು. 1926ರ ಗ್ರಾಮ ಪಂಚಾಯಿತಿ ಶಾಸನ ಈ ದಾರಿಯಲ್ಲಿ ಮತ್ತೊಂದು ಹೆಜ್ಜೆ.

ಆದರೆ ಈ ಎಲ್ಲ ಪ್ರಯತ್ನಗಳಿಗೂ ಒಂದು ಸಮಾನ ದೌರ್ಬಲ್ಯವಿತ್ತು. ಹೊಣೆ ಊರಿನದು, ಹಣ ಮಾತ್ರ ಮೇಲಿನವರದು. ಬಿತ್ತುವಟ್ಟದ ಕಾಲದಲ್ಲಿ ಕೆರೆಯ ವರಮಾನದ ಒಂದು ಪಾಲು ಕೆರೆಗೇ ಮರಳುತ್ತಿತ್ತು. ಕಂದಾಯವೆಲ್ಲ ಖಜಾನೆಗೆ ಸೇರತೊಡಗಿದ ಮೇಲೆ ಊರಿನವರ ಪಾಲಿಗೆ ಉಳಿದದ್ದು ಏರಿಗೆ ಮಣ್ಣು ಹೊರುವ ಕೆಲಸ. ತಮ್ಮದಲ್ಲದ ಕೆರೆಗೆ ಯಾರು ತಾನೇ ಮನಸ್ಸಿಟ್ಟು ಮಣ್ಣು ಹೊರುತ್ತಾರೆ? ಸ್ವಾತಂತ್ರ್ಯಾನಂತರ ಕೆರೆಗಳು ಇಲಾಖೆಗಳ ಕಡತಗಳಿಗೆ ಸೇರಿದವು. ಆನುವಂಶಿಕ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ 1961ರ ಕಾಯ್ದೆ 1963ರಿಂದ ಜಾರಿಗೆ ಬಂದು ಪಟೇಲ, ಶಾನುಭೋಗರ ಯುಗ ಮುಗಿಯಿತು. ಇದು ನ್ಯಾಯವಾದದ್ದೇ. ಆದರೆ ಅವರ ದರ್ಪದ ಜೊತೆಗೆ, ಕೆರೆಯನ್ನು ದಿನವೂ ನೋಡಿಕೊಳ್ಳುತ್ತಿದ್ದ ಹಳೆಯ ಕಟ್ಟುಪಾಡೂ ಸಡಿಲವಾಯಿತು. ಅದರ ಜಾಗಕ್ಕೆ ಇನ್ನೊಂದು ಕಟ್ಟುಪಾಡು ತಕ್ಷಣ ಬರಲಿಲ್ಲ.

ಇದೇ ವೇಳೆಗೆ ಬಂದದ್ದು ಕೊಳವೆಬಾವಿ. ಅದು ಹಳ್ಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ಎಂಬತ್ತರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎಂದೇ ಹೆಸರಾದರು. ಮೈಲಿಗಟ್ಟಲೆ ಕೊಡ ಹೊತ್ತ ಹೆಂಗಸರಿಗೆ ಕೈಪಂಪು ಏನೆಂಬುದು ಗೊತ್ತು. ಆದರೆ ಕುಡಿಯುವ ನೀರಿನ ಕೈಪಂಪಿನ ಹಿಂದೆಯೇ ಹೊಲಹೊಲಕ್ಕೂ ಖಾಸಗಿ ಕೊಳವೆಬಾವಿಗಳು ಬಂದಾಗ ಕಥೆ ಬದಲಾಯಿತು. ಕೆರೆಯ ನೀರಿಗೆ ಎಲ್ಲರ ಒಪ್ಪಿಗೆ ಬೇಕಿತ್ತು. ಕೊಳವೆಬಾವಿಗೆ ಬೇಕಾದದ್ದು ಹಣ ಮತ್ತು ಕರೆಂಟು ಮಾತ್ರ. ನೆರೆಯವನ ಹಂಗಿಲ್ಲದೆ ಬೆಳೆ ತೆಗೆಯಬಹುದಾದ ಮೇಲೆ ಉಳ್ಳವರು ಸಭೆಗೆ ಬರುವ ಅಗತ್ಯವೇ ಇಲ್ಲವಾಯಿತು. ಕೆರೆಯಲ್ಲಿ ಹೂಳು ತುಂಬಿದ್ದು, ಅಂಗಳ ಒತ್ತುವರಿಯಾದದ್ದು ಈ ಮರೆವಿನ ನಡುವೆ. ಕೆರೆ ತುಂಬದೆ ಅಂತರ್ಜಲವೂ ತುಂಬದೆಂಬ ಪಾಠವನ್ನು ಕೋಲಾರದಂಥ ಜಿಲ್ಲೆಗಳು ಬಹಳ ದುಬಾರಿಯಾಗಿ ಕಲಿತವು.

ನಜೀರ್ ಸಾಬ್ ಅವರ ಹೆಸರು ಇನ್ನೊಂದು ಕಾರಣಕ್ಕೂ ಉಳಿಯುವಂಥದು. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ರೂಪಿಸಿದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಕಾಯ್ದೆಯ ಹಿಂದಿನ ಶಕ್ತಿ ಅವರೇ. ಈ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಶೇಕಡಾ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕಾದಿರಿಸಲಾಗಿತ್ತು. ಅಧಿಕಾರದ ಜೊತೆಗೆ ಹಣವೂ ಸಿಬ್ಬಂದಿಯೂ ಕೆಳಗಿಳಿದು ಬಂದವು. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. ಅವಧಿ ಮುಗಿದ ಸಂಸ್ಥೆಗಳಿಗೆ ಸಕಾಲದಲ್ಲಿ ಚುನಾವಣೆಯೂ ಆಗಲಿಲ್ಲ. ಆದರೆ ಕರ್ನಾಟಕದ ಈ ಪ್ರಯೋಗ ವ್ಯರ್ಥವಾಗಲಿಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿಗಳನ್ನು ದೇಶಾದ್ಯಂತ ಕಡ್ಡಾಯಗೊಳಿಸಿ, ಮಹಿಳೆಯರಿಗೆ ಮೂರನೆಯ ಒಂದು ಭಾಗವನ್ನು ಮೀಸಲಿಟ್ಟಿತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಸಣ್ಣ ನೀರಾವರಿ, ಕುಡಿಯುವ ನೀರು ಎರಡೂ ಆ ಪಟ್ಟಿಯಲ್ಲಿವೆ. ಊರಿನ ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆಗೆ ಮೊದಲ ಬಾರಿಗೆ ಸಂವಿಧಾನದಲ್ಲಿ ಹೆಸರು ಬಂತು. ಹೀಗೆ ಭಾಗೀರಥಿಗೂ ನೀರಗಂಟಿಗೂ ಕಾನೂನಿನ ಪ್ರಕಾರ ಕಟ್ಟೆಯ ಮೇಲೆ ಜಾಗ ಸಿಕ್ಕಿತು.

ಆ ಮೇಲೆ ನಡೆದದ್ದು ಮಿಶ್ರ ಕಥೆ. 2002ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಆರಂಭವಾದ ಕೆರೆ ಅಭಿವೃದ್ಧಿ ಯೋಜನೆಯಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಚುನಾಯಿತ ಪಂಚಾಯಿತಿ ಇರುವಾಗ ಬೇರೆ ಸಂಘವೇಕೆ ಎಂಬ ಪ್ರಶ್ನೆ ಆಗಲೇ ಎದ್ದಿತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕಾಮಗಾರಿಗಳ ಆಯ್ಕೆಯಲ್ಲಿ ಗ್ರಾಮಸಭೆಗೆ ಸ್ಥಾನ ಕೊಟ್ಟಾಗ, ಹೂಳು ತೆಗೆಯುವುದು ಮತ್ತೆ ಊರಿನ ಚರ್ಚೆಯ ವಿಷಯವಾಯಿತು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಒಣಗಿದ ಕೆರೆಗಳು ತುಂಬಿದವು, ನೀರಿನ ಗುಣಮಟ್ಟದ ಬಗ್ಗೆ ವಾದವೂ ಹುಟ್ಟಿತು. ಆ ನೀರು ಬರಬೇಕೆಂದು ತೀರ್ಮಾನವಾದದ್ದು ಮಾತ್ರ ಯಾವ ಊರಿನ ಕಟ್ಟೆಯ ಮೇಲೂ ಅಲ್ಲ.

ಈ ದೀರ್ಘ ಇತಿಹಾಸದಿಂದ ಕಲಿಯಬೇಕಾದ್ದೇನು? ಹಳೆಯ ಸಭೆಗೆ ಹಣವಿತ್ತು, ಹತೋಟಿಯಿತ್ತು. ಆದರೆ ಅದರಲ್ಲಿ ಊರಿನ ಎಲ್ಲರೂ ಇರಲಿಲ್ಲ. ಇಂದಿನ ಸಭೆಯಲ್ಲಿ ಎಲ್ಲರೂ ಇದ್ದಾರೆ. ಆದರೆ ಅವರ ಮುಂದೆ ಬರುವುದು ಬಹುಮಟ್ಟಿಗೆ ಬೇರೆಲ್ಲೋ ಸಿದ್ಧವಾದ ಪಟ್ಟಿ. ಸಹಿ ಹಾಕಿ ಎದ್ದುಹೋಗುವುದಷ್ಟೇ ಕೆಲಸವಾದರೆ ಕೂಲಿ ಬಿಟ್ಟು ಸಭೆಗೆ ಬರುವವರಾರು? ಎಲ್ಲರಿಗೂ ಜಾಗ, ನಿರ್ಧಾರದ ಹಿಂದೆ ಹಣ ಎಂಬ ಎರಡೂ ಒಂದೇ ಕಡೆ ಕೂಡಿಬಂದ ಕಾಲ ನಮ್ಮ ಹಳ್ಳಿಗಳ ಇತಿಹಾಸದಲ್ಲಿ ಬಹಳ ಕಡಿಮೆ. 1987ರ ನಂತರದ ಕೆಲವು ವರ್ಷಗಳನ್ನು ಹಿರಿಯರು ಇಂದಿಗೂ ನೆನೆಯುವುದು ಇದಕ್ಕಾಗಿಯೇ.

ಕಟ್ಟಿದ ಕೆರೆಗೆ ಕೋಡಿ ತಪ್ಪಿದ್ದಲ್ಲ ಎಂದು ನಮ್ಮಲ್ಲಿ ಗಾದೆ. ಊರಿನ ಸಭೆಗೂ ಈ ಮಾತು ಸಲ್ಲುತ್ತದೆ. ಹತ್ತು ಜನ ಸೇರಿದ ಕಡೆ ಜಗಳ, ಭಿನ್ನಮತ ಇದ್ದದ್ದೇ. ಹೆಚ್ಚಾದ ನೀರು ಹರಿದುಹೋಗಲು ಕೋಡಿ ಇರುವುದರಿಂದಲೇ ಏರಿ ಉಳಿಯುತ್ತದೆ. ಹಾಗೆಯೇ, ಎದ್ದುನಿಂತು 'ಇದು ಬೇಡ' ಎನ್ನಲು ಭಾಗೀರಥಿಗೆ ಅವಕಾಶವಿರುವ ಸಭೆಯೇ ಊರನ್ನು ಕಾಯಬಲ್ಲದು.