ಕಾಫಿ ಪೂಲ್: ರಕ್ಷಣೆಯೇ ಬಂಧನವಾದ ಬಗೆ

ಎರಡನೆಯ ಮಹಾಯುದ್ಧವು ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿದಾಗ ಕೊಡಗಿನ ಕಾಫಿ ಬೆಳೆಗಾರರು ದಿಕ್ಕುಗಾಣದಾದರು. ಅವರನ್ನು ಉಳಿಸಲೆಂದೇ 1940ರಲ್ಲಿ ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆಯೂ ಬಂದವು. ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿಯೇ ಹರಾಜು ಹಾಕಿ, ಬಂದ ಹಣವನ್ನು ಕಂತುಗಳಲ್ಲಿ ಹಂಚುವುದು. ಉದ್ದೇಶವು ನಿರ್ಮಲವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಯುದ್ಧ ಮುಗಿಯಿತು, ಕಟ್ಟಳೆ ಮುಗಿಯಲಿಲ್ಲ. ಮೂರ್ನಾಡಿನ ಸಣ್ಣ ಬೆಳೆಗಾರನು ತನ್ನ ಕಣದಲ್ಲಿ ಒಣಗಿದ ಕಾಫಿಯನ್ನು ನೇರವಾಗಿ ವ್ಯಾಪಾರಿಗೆ ಮಾರಿದರೆ ಅಪರಾಧಿಯಾಗುತ್ತಿದ್ದನು. ಎಲ್ಲರ ಕಾಫಿಯೂ ಬೆರೆತು ತೋಟದ ಹೆಸರು ಅಳಿಯುತ್ತಿತ್ತು. ಕೊನೆಯ ಕಂತಿಗಾಗಿ ದೀರ್ಘಕಾಲ ಕಾಯಬೇಕಾಗಿತ್ತು. ಇದರಿಂದ ಕಳ್ಳಸಾಗಣೆಯೂ ಹುಟ್ಟಿತು.

ವಿರುದ್ಧರಾಜ್ಯಾತಿಕ್ರಮವನ್ನು, ಎಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದನ್ನು, ನಮ್ಮ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಆದುದರಿಂದ ಶ್ರಾವಕನು ಕಾಯಿದೆಯನ್ನು ಮೀರಲಾರನು. ಆದರೆ ಸ್ವಂತ ಬೆವರಿನ ಫಲವನ್ನು ಮಾರುವುದನ್ನೇ ಕಳವಿನ ಸಾಲಿಗೆ ಸೇರಿಸುವ ಕಾಯಿದೆಯು ವ್ರತನಿಷ್ಠನಿಗೆ ನಷ್ಟವನ್ನೂ ವಂಚಕನಿಗೆ ಲಾಭವನ್ನೂ ತರುತ್ತದೆ. ಇಂತಹ ಶಾಸನವನ್ನು ರಚಿಸಿದವರಿಗೆ ಹೊಣೆಯಿಲ್ಲವೇ?

1992ರಲ್ಲಿ ಬೆಳೆಯ ಶೇಕಡಾ 30ನ್ನು ದೇಶದೊಳಗೆ ಮಾರುವ ಅನುಮತಿ ದೊರೆಯಿತು. 1996ರಲ್ಲಿ ಪೂರ್ಣ ಸ್ವಾತಂತ್ರ್ಯ ಬಂದಿತು. ಸ್ವಾತಂತ್ರ್ಯವೂ ನಿರ್ಭಯವಾದುದಲ್ಲ. 2000ದ ನಂತರ ಜಾಗತಿಕ ಬೆಲೆ ಕುಸಿದಾಗ ಸಾಲ ಮಾಡಿದ್ದವರು ನೊಂದರು. ಆದರೂ ಪೂಲಿನ ಹಳೆಯ ಬಂಧನ ಮರಳಲಿಲ್ಲ.

ಆಪತ್ಕಾಲದ ನಿಯಮಕ್ಕೆ ಅವಧಿಯೊಂದಿರಬೇಕು. ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ತಮ್ಮ ಹಳೆಯ ನಿಬಂಧನೆಗಳನ್ನು ತೆರೆದು, ಇವು ಇಂದು ಯಾರನ್ನು ಕಾಯುತ್ತಿವೆ, ಯಾರನ್ನು ಕಟ್ಟುತ್ತಿವೆ ಎಂದು ವಿಚಾರಿಸುವುದು ಯುಕ್ತವಾಗಿದೆ.