ಪಾತ್ರ ದೊರೆಯುವ ದಾರಿಗಳು: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯಲ್ಲಿ ನಟನ ಸಿದ್ಧತೆ ಮತ್ತು ಆಯ್ಕೆ

ಒಬ್ಬ ವ್ಯಕ್ತಿ ನಟನಾಗುವುದು ಎಂದಿನಿಂದ ಎಂಬ ಪ್ರಶ್ನೆಗೆ ರಂಗಚರಿತ್ರೆಯ ಗ್ರಂಥಗಳು ಸಾಮಾನ್ಯವಾಗಿ ಅವನ ಮೊದಲ ಪ್ರದರ್ಶನದ ವರ್ಷವನ್ನು ಉತ್ತರವಾಗಿ ಕೊಡುತ್ತವೆ. ಆದರೆ ಆ ವರ್ಷದ ಹಿಂದೆ ಸಿದ್ಧತೆ ಮತ್ತು ಆಯ್ಕೆ ಎಂಬ ಎರಡು ಘಟ್ಟಗಳು ಅಡಗಿರುತ್ತವೆ. ಕಲಿಸಿದವರು ಯಾರು, ಪಾತ್ರ ಕೊಡುವ ಅಧಿಕಾರ ಯಾರ ಕೈಯಲ್ಲಿತ್ತು, ಅದಕ್ಕಾಗಿ ಕಲಿಯುವವನು ತೆತ್ತ ಬೆಲೆಯೇನು ಎಂಬುದನ್ನು ಪರಿಶೀಲಿಸದೆ ನಟವರ್ಗದ ಸಾಮಾಜಿಕ ಚರಿತ್ರೆ ಪೂರ್ಣವಾಗಲಾರದು. ಇಂದು ಈ ಎರಡೂ ಘಟ್ಟಗಳನ್ನು 'ಆಡಿಷನ್' ಎಂಬ ಒಂದೇ ಮಾತು ಆವರಿಸಿಕೊಂಡಿದೆ. ಆಡಿಷನ್ ಬರುವುದಕ್ಕೆ ಮೊದಲೂ ಆಯ್ಕೆಯ ಕ್ರಮಗಳಿದ್ದವು. ಅವು ಒಂದಲ್ಲ, ಹಲವು. ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಅಂತಹ ನಾಲ್ಕು ದಾರಿಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆ ತಮಿಳುನಾಡು ಮತ್ತು ಕೇರಳಗಳಿಗೆ ಗಡಿಯಾಗಿದೆ. ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಾಳವಾಡಿ ಸೀಮೆಯ ಕನ್ನಡ ಊರುಗಳು ಇಂದಿಗೂ ತಮಿಳುನಾಡಿನಲ್ಲಿವೆ. ಆಡಳಿತದ ಗೆರೆಗಳು ಹೀಗೆ ಬದಲಾದರೂ ಹಾಡು, ಕಥೆ ಮತ್ತು ನಾಟಕಗಳ ಮಟ್ಟಿಗೆ ಈ ಪ್ರದೇಶ ಒಂದೇ ಸೀಮೆಯಾಗಿ ಉಳಿದುಬಂದಿದೆ.

ಮೊದಲನೆಯದು ದೀಕ್ಷೆಯ ದಾರಿ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ಮತ್ತು ಮಲೆಯ ಮಾದೇಶ್ವರ ಪರಂಪರೆಯ ದೇವರಗುಡ್ಡರು ಈ ಸೀಮೆಯ ಎರಡು ಪ್ರಮುಖ ವೃತ್ತಿಗಾಯಕ ಸಮೂಹಗಳು. ಹರಕೆಯ ಕಾರಣದಿಂದಲೋ ಮನೆತನದ ರೂಢಿಯಿಂದಲೋ ದೇವರಿಗೆ ಒಪ್ಪಿಸಲ್ಪಟ್ಟವನು ಗುರುವಿನಿಂದ ದೀಕ್ಷೆ ಪಡೆದು ವಾದ್ಯವನ್ನು ಕೈಗೆತ್ತಿಕೊಳ್ಳುತ್ತಾನೆ. ನೀಲಗಾರನ ಕೈಗೆ ತಂಬೂರಿ, ಗಗ್ಗರ ಬಂದರೆ, ದೇವರಗುಡ್ಡನ ಕೈಗೆ ಕಂಸಾಳೆ ಬರುತ್ತದೆ. ಇಲ್ಲಿ ಆಯ್ಕೆ ಮೊದಲು, ಕಲಿಕೆ ಅನಂತರ. ದೀಕ್ಷೆ ಪಡೆದವನಿಗೆ ಹಾಡಲು ಬರುತ್ತದೆಯೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಅವನು ಹಿಮ್ಮೇಳದಲ್ಲಿ ಕುಳಿತು, ಮುಖ್ಯ ಗಾಯಕನ ಸೊಲ್ಲಿಗೆ ದನಿ ಕೂಡಿಸುತ್ತ, ಇಡೀ ಕಾವ್ಯವನ್ನು ಕಿವಿಯಿಂದಲೇ ತುಂಬಿಕೊಳ್ಳಬೇಕು.

ಈ ಕಲಿಕೆ ಕೇವಲ ಗಾಯನದ ಕಲಿಕೆಯಲ್ಲ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋದಾಗ ಅವನ ವಿನಯವೂ ಪಾಂಚಾಳರ ದರ್ಪವೂ ಒಬ್ಬನೇ ಗಾಯಕನ ಕಂಠದಿಂದ ಹೊರಡಬೇಕು. ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಸಂಶಯಗ್ರಸ್ತ ಗಂಡನ ಬಿರುನುಡಿಯನ್ನು ನುಡಿದ ನಾಲಿಗೆಯೇ ಮರುಕ್ಷಣ ಹೆಂಡತಿಯ ಸಂಕಟವನ್ನು ನುಡಿಯಬೇಕು. ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ದಾಟುವ, ಪಾತ್ರದಿಂದ ಪಾತ್ರಕ್ಕೆ ಜಿಗಿಯುವ, ರಾತ್ರಿಯಿಡೀ ದನಿ ಕಾಯ್ದುಕೊಳ್ಳುವ ಈ ಶಕ್ತಿಯನ್ನು ಅಭಿನಯವೆಂದೇ ಕರೆಯಬೇಕಾಗುತ್ತದೆ. ಆದರೂ ಜಾನಪದ ಅಧ್ಯಯನಗಳು ಈ ಕಲಾವಿದರನ್ನು ಗಾಯಕರೆಂದು ದಾಖಲಿಸಿರುವಷ್ಟು ನಟರೆಂದು ದಾಖಲಿಸಿಲ್ಲ.

ಎರಡನೆಯದು ಹಣ ಕಟ್ಟಿ ಪಾತ್ರ ಪಡೆಯುವ ದಾರಿ. ಹಳೆ ಮೈಸೂರಿನ ಇತರ ಭಾಗಗಳಂತೆ ಈ ಸೀಮೆಯ ಹಳ್ಳಿಗಳಲ್ಲಿಯೂ ಸುಗ್ಗಿಯ ನಂತರ ಹಾಗೂ ಜಾತ್ರೆ, ಹಬ್ಬಗಳಲ್ಲಿ 'ಕುರುಕ್ಷೇತ್ರ'ದಂತಹ ಪೌರಾಣಿಕ ನಾಟಕಗಳನ್ನು ಆಡುವ ರೂಢಿಯಿದೆ. ಡ್ರಾಮಾ ಮೇಷ್ಟ್ರೆಂದು ಕರೆಯಲ್ಪಡುವ ಹಾರ್ಮೋನಿಯಂ ಮಾಸ್ತರರು ಊರಿಗೆ ಬಂದು, ಬೇಸಾಯಗಾರರಿಗೂ ಕೂಲಿಕಾರರಿಗೂ ಕಂದ, ವೃತ್ತ, ರಂಗಗೀತೆಗಳನ್ನು ತಿಂಗಳುಗಟ್ಟಲೆ ಕಲಿಸುತ್ತಾರೆ. ಮಾಸ್ತರರ ಸಂಭಾವನೆ, ಸೀನರಿ, ಉಡುಪು, ಧ್ವನಿವರ್ಧಕಗಳ ವೆಚ್ಚವನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ದುರ್ಯೋಧನ, ಕೃಷ್ಣರಂತಹ ಪಾತ್ರಗಳಿಗೆ ಹೆಚ್ಚು ಹಣ, ಸಣ್ಣ ಪಾತ್ರಗಳಿಗೆ ಕಡಿಮೆ ಹಣ. ಸ್ತ್ರೀಪಾತ್ರಗಳಿಗೆ ಬಹುತೇಕ ಹೊರಗಿನ ನಟಿಯರನ್ನು ಕರೆಸಲಾಗುತ್ತದೆ.

ಈ ಕ್ರಮವನ್ನು ಹಣವಂತರ ಹವ್ಯಾಸವೆಂದು ತಳ್ಳಿಹಾಕುವುದು ಸುಲಭ. ಹಣ ಕಟ್ಟಲಾರದವನಿಗೆ ದೊಡ್ಡ ಪಾತ್ರ ಎಟುಕದೆಂಬುದೂ ನಿಜ. ಆದರೆ ಅಕ್ಷರ ಬಾರದವನೂ ನೂರಾರು ಸಾಲುಗಳನ್ನು ಬಾಯಿಪಾಠ ಮಾಡಿ, ಶ್ರುತಿ ಹಿಡಿದು, ಸಾವಿರ ಜನರ ಮುಂದೆ ನಿಲ್ಲುವಷ್ಟು ಧೈರ್ಯವನ್ನು ಈ ಕ್ರಮದಿಂದಲೇ ಪಡೆದಿದ್ದಾನೆ. ಇಲ್ಲಿ ಪಾತ್ರ ಒಂದು ರಾತ್ರಿಯ ಗೌರವವಾಗಿತ್ತೇ ಹೊರತು ಜೀವನೋಪಾಯವಾಗಿರಲಿಲ್ಲ.

ಜೀವನೋಪಾಯದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮೂರನೆಯ ದಾರಿ, ಅಂದರೆ ವೃತ್ತಿನಾಟಕ ಕಂಪನಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು. ಆ ಕಂಪನಿಯ ನಟರಲ್ಲಿ ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಒಬ್ಬರು. ಅವರು ರೌದ್ರಪಾತ್ರಗಳಿಗೆ ಹೆಸರಾದವರು. 1929ರ ಏಪ್ರಿಲ್ 24ರಂದು ತಾಳವಾಡಿ ಸೀಮೆಯ ಗಾಜನೂರಿನಲ್ಲಿ ಜನಿಸಿದ ಅವರ ಮಗ ಮುತ್ತುರಾಜ್ ಬಾಲ್ಯದಲ್ಲಿಯೇ ತಂದೆಯೊಂದಿಗೆ ಕಂಪನಿ ಸೇರಿದರು. ಶಾಲೆಯ ವಿದ್ಯೆ ಮೊದಲ ಕೆಲವು ತರಗತಿಗಳಿಗೇ ನಿಂತಿತು.

ಕಂಪನಿಯ ಶಿಕ್ಷಣಕ್ಕೆ ಪಠ್ಯಕ್ರಮವಿರಲಿಲ್ಲ, ದಿನಚರಿ ಇತ್ತು. ಹುಡುಗರು ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತ, ತೆರೆಯ ಹಿಂದಿನ ಕೆಲಸಕ್ಕೆ ಕೈಹಾಕುತ್ತ, ಹಿರಿಯರ ಪಾತ್ರಗಳನ್ನು ದಿನವೂ ನೋಡುತ್ತ ಬೆಳೆಯುತ್ತಿದ್ದರು. ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡಿದ ಹುಡುಗನಿಗೆ ಎಲ್ಲರ ಮಾತೂ ಬರುತ್ತಿತ್ತು. ಒಬ್ಬ ನಟ ಕಾಯಿಲೆ ಬಿದ್ದ ದಿನವೇ ಮತ್ತೊಬ್ಬನ ಪರೀಕ್ಷೆಯ ದಿನ. ಪಾತ್ರ ಹಂಚುವವರು ವರ್ಷಗಟ್ಟಲೆ ಜೊತೆಯಲ್ಲಿದ್ದವರಾದ್ದರಿಂದ ಆಯ್ಕೆ ಒಂದು ಗಳಿಗೆಯ ತೀರ್ಪಾಗಿರಲಿಲ್ಲ.

ಮುತ್ತುರಾಜ್ ಅನಂತರ ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿಯೂ ದುಡಿದರು. 1951ರಲ್ಲಿ ತಂದೆ ತೀರಿಕೊಂಡರು. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ' ಚಿತ್ರದ ನಾಯಕ ಪಾತ್ರಕ್ಕೆ ಅವರನ್ನು ಆರಿಸಿ, ರಾಜಕುಮಾರ್ ಎಂಬ ಹೆಸರಿಟ್ಟರು. ಚಿತ್ರ 1954ರಲ್ಲಿ ತೆರೆಕಂಡಿತು. ಜನಪ್ರಿಯ ಬರಹಗಳು ಈ ಆಯ್ಕೆಯನ್ನು ಅದೃಷ್ಟದ ತಿರುವೆಂದು ವರ್ಣಿಸುವುದುಂಟು. ರಂಗಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಬಾಲ್ಯದಿಂದ ರಂಗದ ಮೇಲೆ ನಡೆದುಬಂದ ದೀರ್ಘ ಸಿದ್ಧತೆಗೆ ಕ್ಯಾಮೆರಾ ಒತ್ತಿದ ಮುದ್ರೆ ಅದು.

ಮೊದಲ ಚಿತ್ರದ ಯಶಸ್ಸಿನಿಂದ ಬದುಕು ಒಮ್ಮೆಲೇ ಭದ್ರವಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಕನ್ನಡ ಚಿತ್ರಗಳ ಸಂಖ್ಯೆಯೇ ಕಡಿಮೆಯಿದ್ದ ಆ ದಿನಗಳಲ್ಲಿ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಮೊದಲಾದವರು ಸಂಘ ಕಟ್ಟಿಕೊಂಡು ಊರೂರು ಸುತ್ತಿ ನಾಟಕವಾಡಿದರು. 1960ರ 'ರಣಧೀರ ಕಂಠೀರವ' ಈ ಗೆಳೆತನದ ಫಲ. ಇನ್ನೊಂದು ಸಂಗತಿಯೂ ಗಮನಾರ್ಹ. ಕಂಪನಿ ನಟನಿಗೆ ಅನಿವಾರ್ಯವಾಗಿದ್ದ ಗಾಯನ ಚಲನಚಿತ್ರದಲ್ಲಿ ಹಿನ್ನೆಲೆ ಗಾಯಕರ ಪಾಲಾಗಿತ್ತು. ಆದರೆ 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಮುಂದೆ 'ಜೀವನ ಚೈತ್ರ'ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಬಾಲ್ಯದಲ್ಲಿ ಬಿತ್ತಿದ ವಿದ್ಯೆ ದಶಕಗಳ ನಂತರವೂ ಫಲ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನಾಲ್ಕನೆಯ ದಾರಿ ಸಂದರ್ಶನದ್ದು. ಇದರ ಆರಂಭದಲ್ಲಿಯೂ ಗುಬ್ಬಿ ಕಂಪನಿಯ ಹುಡುಗನೊಬ್ಬನಿದ್ದಾನೆ. ಮುತ್ತುರಾಜ್ ಅವರ ಹೆಚ್ಚುಕಡಿಮೆ ಸಮವಯಸ್ಕರಾದ ಬಿ.ವಿ. ಕಾರಂತರು ಅದೇ ಕಂಪನಿಯಲ್ಲಿ ಬೆಳೆದು, ವೀರಣ್ಣನವರ ನೆರವಿನಿಂದ ಬನಾರಸಿನಲ್ಲಿ ಓದಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದರು. 1989ರಲ್ಲಿ ಅವರ ನೇತೃತ್ವದಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾಯಿತು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದಲೇ ಕೆಲಸ ಮಾಡುತ್ತಿತ್ತು. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರು ಸುಮಾರು 60 ಕಿಲೋಮೀಟರ್ ದೂರ. ಈ ಸೀಮೆಯ ತರುಣರಿಗೆ ನಟನೆಯನ್ನು ಶಾಸ್ತ್ರೀಯವಾಗಿ ಕಲಿಯುವ ಅವಕಾಶ ಹೀಗೆ ಬಸ್ಸಿನ ದಾರಿಯಷ್ಟು ಹತ್ತಿರವಾಯಿತು.

ಈ ದಾರಿ ತೆರೆದ ಬಾಗಿಲುಗಳನ್ನು ಕಡೆಗಣಿಸುವಂತಿಲ್ಲ. ದೀಕ್ಷೆಗೆ ಮನೆತನ ಬೇಕಿತ್ತು, ಹಳ್ಳಿಯ ನಾಟಕಕ್ಕೆ ಹಣ ಬೇಕಿತ್ತು, ಕಂಪನಿಗೆ ಬಾಲ್ಯವನ್ನೇ ಒಪ್ಪಿಸಬೇಕಿತ್ತು. ಸಂದರ್ಶನ ಇವು ಯಾವುದನ್ನೂ ಕೇಳದು. ಊರಿನ ನಾಟಕದಲ್ಲಿ ಪಾತ್ರ ಸಿಗದ ಹೆಣ್ಣುಮಗಳು ಕೂಡ ಅರ್ಜಿ ಹಾಕಬಹುದು. ಆದರೆ ಹಿಂದಿನ ಮೂರೂ ದಾರಿಗಳಲ್ಲಿ ಕಲಿಸುವ ಹೊಣೆ ಗುರುವಿನದೋ ಮಾಸ್ತರರದೋ ಕಂಪನಿಯದೋ ಆಗಿತ್ತು. ಸಂದರ್ಶನದಲ್ಲಿ, ಅದರಲ್ಲಿಯೂ ಚಲನಚಿತ್ರ ಮತ್ತು ಕಿರುತೆರೆಯ ಆಡಿಷನ್ನುಗಳಲ್ಲಿ, ಸಿದ್ಧತೆಯ ಸಂಪೂರ್ಣ ಹೊಣೆ ಅಭ್ಯರ್ಥಿಯದು. ಸಂಭಾಷಣೆಯನ್ನು ಆರಿಸಿ ಕಂಠಸ್ಥ ಮಾಡುವುದು, ದನಿ ಹದಗೊಳಿಸುವುದು, ಕೊಟ್ಟ ಸನ್ನಿವೇಶವನ್ನು ಥಟ್ಟನೆ ಬೆಳೆಸುವುದು, ತಿರಸ್ಕಾರವನ್ನು ಸಹಿಸಿ ಮತ್ತೆ ಹೋಗುವುದು, ಇವೆಲ್ಲವನ್ನೂ ಅವನು ಒಬ್ಬನೇ ನಿಭಾಯಿಸಬೇಕು. ವರ್ಷಗಟ್ಟಲೆ ನೋಡಿ ತೀರ್ಮಾನಿಸುತ್ತಿದ್ದುದನ್ನು ಕೆಲವು ನಿಮಿಷಗಳಲ್ಲಿ ತೀರ್ಮಾನಿಸಲಾಗುತ್ತದೆ.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ನೀಲಗಾರರ ಮಗನೊಬ್ಬ ಆಯ್ಕೆ ಸಮಿತಿಯ ಮುಂದೆ ನಿಂತಾಗ ತನ್ನ ಸೀಮೆಯ ನುಡಿಯನ್ನು ಬದಿಗಿಟ್ಟು ಪತ್ರಿಕೆಯ ಕನ್ನಡದಲ್ಲಿ ಮಾತನಾಡಲು ತೊಡಗಿದರೆ, ಅವನಲ್ಲಿರುವ ಅತ್ಯಂತ ಗಟ್ಟಿಯಾದ ವಿದ್ಯೆಯೇ ಮರೆಯಾಗುತ್ತದೆ. ಎಚ್.ಎಸ್. ಶಿವಪ್ರಕಾಶ್ ಅವರ 'ಮಂಟೇಸ್ವಾಮಿ ಕಥಾಪ್ರಸಂಗ'ದಂತಹ ನಾಟಕಗಳ ಮೂಲಕ ಆಧುನಿಕ ರಂಗಭೂಮಿ ಈ ಪರಂಪರೆಯ ಕಥೆಯನ್ನು ಸ್ವೀಕರಿಸಿದೆ. ಕಥೆಗೆ ದೊರೆತ ಮನ್ನಣೆ ಅದನ್ನು ಹೊತ್ತು ತಂದ ಶಿಕ್ಷಣಕ್ರಮಕ್ಕೆ ಇನ್ನೂ ಅಷ್ಟಾಗಿ ದೊರೆತಿಲ್ಲ.

ಒಟ್ಟಿನಲ್ಲಿ, ಈ ನಾಲ್ಕು ದಾರಿಗಳು ಒಂದನ್ನೊಂದು ಅಳಿಸಿಹಾಕಿ ಬಂದವಲ್ಲ. ಕಂಪನಿಯ ವೈಭವವೊಂದನ್ನು ಬಿಟ್ಟರೆ ಉಳಿದವು ಇಂದಿಗೂ ಈ ಸೀಮೆಯಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ನೀಲಗಾರರ ಕಂಠ, ಕುರುಕ್ಷೇತ್ರದ ಪಾತ್ರಧಾರಿಯ ನೆನಪಿನ ಶಕ್ತಿ, ಕಂಪನಿಯ ನಟನ ತಾಳ್ಮೆ ಇವು ಮೂರೂ ಇಂದಿನ ಅಭ್ಯರ್ಥಿಗೆ ಬೇಕಾದ ಸಿದ್ಧತೆಗಳೇ. ರಂಗಶಿಕ್ಷಣ ಸಂಸ್ಥೆಗಳು ತಂಬೂರಿ ಹಿಡಿದು ಬಂದ ತರುಣನನ್ನು ಜಾನಪದ ಕಲಾವಿದರ ಪಟ್ಟಿಗೆ ಸೇರಿಸಿ ಸುಮ್ಮನಾಗದೆ, ಅವನಿಂದ ಒಂದು ಸಾಲನ್ನು ಪೂರ್ಣವಾಗಿ ಹಾಡಿಸಿ, ಅದನ್ನು ಅಭಿನಯದ ಪರೀಕ್ಷೆಯೆಂದೇ ಪರಿಗಣಿಸಿದಲ್ಲಿ, ಆಯ್ಕೆಯ ಅಳತೆಗೋಲು ಈ ನೆಲಕ್ಕೆ ಇನ್ನಷ್ಟು ಹೊಂದಿಕೊಳ್ಳುತ್ತದೆ.