ಕ್ಯಾಮೆರಾದ ಕಣ್ಣಿಗೆ ಎಲ್ಲವೂ ಬೂದು: ಮೀಟರಿಂಗ್ ವಿಧಾನಗಳ ಪರಿಚಯ

ರಾತ್ರಿಯ ಯಕ್ಷಗಾನದ ಚಿತ್ರಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣಸಿಗುತ್ತದೆ. ಹಿನ್ನೆಲೆಯ ಕತ್ತಲೆ ಮಾಸಲಾಗಿ, ವೇಷಧಾರಿಯ ಮುಖವರ್ಣಿಕೆ ಸುಣ್ಣ ಬಳಿದಂತೆ ಬಿಳುಚಿಕೊಂಡಿರುತ್ತದೆ. ಇದಕ್ಕೆ ಕ್ಯಾಮೆರಾ ಕೆಟ್ಟಿರುವುದು ಕಾರಣವಲ್ಲ. ಅದು ಬೆಳಕನ್ನು ಅಳೆಯುವ ರೀತಿಯೇ ಕಾರಣ.

ಕ್ಯಾಮೆರಾದೊಳಗಿನ ಮಾಪಕವು ವಸ್ತುವಿನ ಮೇಲೆ ಬೀಳುವ ಬೆಳಕನ್ನಲ್ಲ, ಅದರಿಂದ ಪ್ರತಿಫಲಿಸಿ ಬರುವ ಬೆಳಕನ್ನು ಅಳೆಯುತ್ತದೆ. ಎದುರಿಗಿರುವುದು ಬಿಳಿ ಪಂಚೆಯೋ ಕರಿ ಕಂಬಳಿಯೋ ಎಂಬುದು ಅದಕ್ಕೆ ತಿಳಿಯದು. ಎಲ್ಲವನ್ನೂ ನಡುಮಟ್ಟದ ಬೂದು ಎಂದೇ ಭಾವಿಸಿ ಅಪರ್ಚರ್, ಷಟರ್ ವೇಗ ಹಾಗೂ ಐಎಸ್‌ಒಗಳನ್ನು ಸೂಚಿಸುತ್ತದೆ. ಛಾಯಾಗ್ರಾಹಕರು ಬಳಸುವ, ಶೇ. 18ರಷ್ಟು ಬೆಳಕನ್ನು ಪ್ರತಿಫಲಿಸುವ ಬೂದು ಕಾರ್ಡಿನ ಹಿಂದಿರುವುದೂ ಇದೇ ಲೆಕ್ಕ. ಹೀಗಾಗಿ ಪಂಚೆ ಮಂಕಾಗುತ್ತದೆ, ಕಂಬಳಿ ಬೆಳ್ಳಗಾಗುತ್ತದೆ.

ಚೌಕಟ್ಟಿನ ಯಾವ ಭಾಗವನ್ನು ಅಳೆಯಬೇಕು ಎಂಬುದನ್ನು ಮೀಟರಿಂಗ್ ವಿಧಾನ ನಿರ್ಧರಿಸುತ್ತದೆ. ನಿಕಾನ್ 'ಮ್ಯಾಟ್ರಿಕ್ಸ್' ಎಂದೂ ಕ್ಯಾನನ್ 'ಇವ್ಯಾಲ್ಯುಯೇಟಿವ್' ಎಂದೂ ಕರೆಯುವ ವಿಧಾನವು ಇಡೀ ಚೌಕಟ್ಟನ್ನು ಹಲವು ಭಾಗಗಳಾಗಿ ವಿಂಗಡಿಸಿ ಅಳೆಯುತ್ತದೆ. 1983ರಲ್ಲಿ ಬಂದ ನಿಕಾನ್ ಎಫ್‌ಎ ಕ್ಯಾಮೆರಾದಲ್ಲಿ ಇಂತಹ ಭಾಗಗಳು ಐದೇ ಇದ್ದವು. ಹಗಲಿನ ಸಾಮಾನ್ಯ ಚಿತ್ರಗಳಿಗೆ ಇದು ಧಾರಾಳವಾಗಿ ಸಾಕು. 'ಸೆಂಟರ್ ವೇಯ್ಟೆಡ್' ವಿಧಾನ ನಡುಭಾಗಕ್ಕೆ ಹೆಚ್ಚಿನ ಪ್ರಾಶಸ್ತ್ಯ ನೀಡುತ್ತದೆ. 'ಸ್ಪಾಟ್' ವಿಧಾನವಾದರೋ ಚೌಕಟ್ಟಿನ ಶೇ. 1ರಿಂದ 5ರಷ್ಟು ಜಾಗವನ್ನು ಮಾತ್ರ ಗಮನಿಸುತ್ತದೆ.

ರಂಗಸ್ಥಳಕ್ಕೆ ಒದಗುವುದು ಈ ಸ್ಪಾಟ್ ವಿಧಾನವೇ. ಸುತ್ತಲಿನ ಕತ್ತಲೆಯನ್ನು ಬಿಟ್ಟು ಮುಖವನ್ನಷ್ಟೇ ಅಳೆಯಲು ಇದರಿಂದ ಸಾಧ್ಯ. ಆದರೆ ಎಚ್ಚರ ಅಗತ್ಯ: ಅಳತೆಯ ಬಿಂದು ಬಣ್ಣದ ವೇಷದ ಬಿಳಿಯ ಚುಟ್ಟಿಯ ಮೇಲೆ ಬಿದ್ದರೆ ಇಡೀ ಮುಖ ಕಪ್ಪಾಗುತ್ತದೆ, ಕಪ್ಪು ಬಣ್ಣದ ಮೇಲೆ ಬಿದ್ದರೆ ಬಿಳುಚುತ್ತದೆ. ತಿಳಿಬಣ್ಣದ ಮುಖವನ್ನು ಅಳೆದಾಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೂಲಕ ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸುವುದು ಒಳಿತು. ಒಂದು ಸ್ಟಾಪ್ ಹೆಚ್ಚಿಸುವುದೆಂದರೆ ಬೆಳಕನ್ನು ದುಪ್ಪಟ್ಟುಗೊಳಿಸಿದಂತೆ. ಕೆಲವು ಕ್ಯಾಮೆರಾಗಳು ಫೋಕಸ್ ಬಿಂದುವಿನಲ್ಲಿ ಅಳೆದರೆ, ಮತ್ತೆ ಕೆಲವು ಚೌಕಟ್ಟಿನ ನಟ್ಟನಡುವೆ ಮಾತ್ರ ಅಳೆಯುತ್ತವೆ; ಕೈಪಿಡಿಯನ್ನು ಒಮ್ಮೆ ತಿರುವಿ ನೋಡುವುದು ಲೇಸು.

ರಂಗದ ದೀಪಗಳು ಬದಲಾಗದಿದ್ದಲ್ಲಿ ಇನ್ನೂ ಸುಲಭದ ದಾರಿಯಿದೆ. ಮೊದಲೇ ಒಮ್ಮೆ ಅಳೆದು, ಮ್ಯಾನ್ಯುಯಲ್ ವಿಧಾನದಲ್ಲಿ ಅದೇ ಮೌಲ್ಯಗಳನ್ನು ನಿಲ್ಲಿಸಿಬಿಟ್ಟರೆ, ವೇಷ ಬದಲಾದರೂ ಅಳತೆ ಕದಲುವುದಿಲ್ಲ. ಸಂಶಯವಿದ್ದಾಗ ತುಸು ಕಡಿಮೆ ಬೆಳಕಿನತ್ತ ವಾಲುವುದು ಕ್ಷೇಮ. ಡಿಜಿಟಲ್ ಚಿತ್ರದಲ್ಲಿ ನೆರಳನ್ನು ಬಳಿಕ ಒಂದಿಷ್ಟು ಮೇಲೆತ್ತಬಹುದು. ಪೂರ್ತಿ ಬೆಳ್ಳಗಾಗಿ ಹೋದ ಮುಖವರ್ಣಿಕೆಯನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.